ಕತೆ ಕೇಳುವ ದಾರಿ

ಗುಡ್ಡದ ಕಾಡುದಾರಿ ತನ್ನ ಕತೆ ಕೇಳದೆ ಯಾರಿಗೂ ತೆರೆದುಕೊಳ್ಳುವುದಿಲ್ಲ. ಮೊಣಕಾಲು ಸೋತ ದುಂಡಮ್ಮ ಗುಡ್ಡದ ತಾಯಿಗೆ ದೀಪವಿಡುವ ಕೆಲಸವನ್ನು ಸೊಸೆ ಪುಟ್ಟಗೌರಿಗೆ ಒಪ್ಪಿಸಬೇಕಿತ್ತು. ಮಳೆಯಲ್ಲಿ, ಚಳಿಯಲ್ಲಿ, ಮುತ್ತುಗ ಅರಳುವ ಬೇಸಿಗೆಯಲ್ಲಿ ಸೊಸೆ ಅತ್ತೆಯ ಹಿಂದೆ ನಡೆದು ಕತೆ ಕೇಳಿಸಿಕೊಂಡಿದ್ದಳು. ಈಗ ಮತ್ತೆ ಹೊಸ ಮಳೆ ಬಿದ್ದಿತ್ತು. ಇವತ್ತು ಅವಳೇ ಮುಂದೆ. ದಾರಿ ಅವಳಿಗೆ ತೆರೆಯದಿದ್ದರೆ ತಾಯಿಗೆ ಇನ್ನು ದೀಪವಿಲ್ಲ.

ಬಂಡೆಯ ತಿರುವಿನಲ್ಲಿ ಲಂಟಾನದ ಪೊದೆ ಎಂದಿನಂತೆ ಅಡ್ಡ ನಿಂತಿತ್ತು. ಪುಟ್ಟಗೌರಿ ಸೆರಗು ಸಿಕ್ಕಿಸಿ ಶುರುಮಾಡಿದಳು: "ಒಂದು ದಿವ್ಸ ತಾಯಿ ಇಲ್ಲಿ ನೀರು ಕುಡೀತಿದ್ಲು. ಆಗ ಎರಡು ಹುಲಿ ಬಂದ್ವು..."

ದುಂಡಮ್ಮ ಅವಳ ತೋಳು ಹಿಡಿದೆಳೆದಳು. "ಒಂದೇ ಹುಲಿ ಕಣಮ್ಮಿ. ತಪ್ಪು ಹೇಳಿದ್ರೆ ದಾರಿ ಮುಚ್ಕೊಂಡೇ ಇರ್ತದೆ."

"ಒಂಟಿ ಹುಲಿಗೆ ಬೇಜಾರಾಗಲ್ವಾ ಅತ್ತೆ?"

ಪೊದೆ ಸರ್ರನೆ ಸರಿಯಿತು. ನಲವತ್ತು ವರ್ಷದಲ್ಲಿ ಅದು ಅಷ್ಟು ಬೇಗ ಸರಿದದ್ದನ್ನು ದುಂಡಮ್ಮ ಕಂಡಿರಲಿಲ್ಲ. ಮೇಲೆ ಹುಲ್ಲುಗಾವಲು ಎಳೆಬಿಸಿಲಿಗೆ ಹೊಳೆಯುತ್ತಿತ್ತು. ದೀಪ ಹಚ್ಚಿ, ಕೈಮುಗಿದು ಇಬ್ಬರೂ ಇಳಿದರು.

ಬಂಡೆಯ ಬಳಿ ಪೊದೆ ಮತ್ತೆ ಮುಚ್ಚಿಕೊಂಡಿತ್ತು. ಸೊಸೆ ಬಾಯಿ ತೆರೆಯುವ ಮೊದಲೇ ದುಂಡಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಒಂದು ದಿವ್ಸ," ಎಂದಳು, "ಇಲ್ಲಿಗೆ ಮೂರು ಹುಲಿ ಬಂದ್ವು..."