ಥೇಮ್ಸ್ ದಂಡೆಯ ಮೇಲೊಂದು ಸಂಬಂಧ

ಮಗಳು ಮತ್ತೆ ಆ ಹುಡುಗನ ಕಿವಿಯಲ್ಲಿ ಏನೋ ಹೇಳಿದಳು. ಬೆಳಗಿನಿಂದ ಇದು ಮೂರನೇ ಸಲ. ಉಮಾದೇವಿ ಕಂಡೂ ಕಾಣದವರಂತೆ ನದಿಯ ಕಡೆ ಮುಖ ತಿರುಗಿಸಿದರು. ಗಬ್ಬೂರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರಿಗೆ ಹಿಂದಿನ ಬೆಂಚಿನ ಗುಸುಗುಸು ತಿಳಿಯದೇ?

ಪ್ರವಾಸದ ಗುಂಪಿನೊಡನೆ ಲಂಡನ್ನಿಗೆ ಬಂದು ಎರಡು ದಿನ. ಉಳಿದವರೆಲ್ಲ ಅಂಗಡಿ ಸುತ್ತಲು ಹೋದರೆ ಅನುರಾಧಾ ಮಾತ್ರ, "ಯವ್ವಾ, ಥೇಮ್ಸ್ ದಂಡಿಗುಂಟ ಹಳೇ ಹಾದಿ ಅದ, ಅಡ್ಡಾಡಿ ಬರೂಣು" ಎಂದಿದ್ದಳು. ತಾಯಿ ಇಳಕಲ್ ಸೀರೆಯನ್ನೇ ಉಡಬೇಕೆಂದು ಹಟ ಬೇರೆ. ಹೋಟೆಲಿನ ಬಾಗಿಲಿಗೆ ಬಂದರೆ, ರಾಯಚೂರಿನ ಅವಳ ಬ್ಯಾಂಕಿಗೆ ಹೊಸದಾಗಿ ಬಂದ ಹುಲಿಗೇಶ ನಿಂತಿದ್ದ. ಜೊತೆಗೆ ಅವನಪ್ಪ ವೆಂಕೋಬ. ಅವರೂ ಇದೇ ಗುಂಪಿನವರಂತೆ, ಇನ್ನೊಂದು ಬಸ್ಸಿನಲ್ಲಿದ್ದರಂತೆ. ಅವರೂ ನಡೆಯಲು ಹೊರಟವರಂತೆ!

ಉಮಾದೇವಿಗೆ ಒಳಗೊಳಗೇ ಹಿಗ್ಗು. ಅಪ್ಪ ತೀರಿಕೊಂಡ ಮೇಲೆ ಬಂದ ಸಂಬಂಧಗಳನ್ನೆಲ್ಲ "ನಿನ್ನ ಒಬ್ಬಾಕಿನ್ನ ಬಿಟ್ಟು ಹೋಗಂಗಿಲ್ಲ" ಎಂದು ತಿರುಗಿಸಿದ್ದ ಮಗಳು ಕಡೆಗೂ ಒಬ್ಬನನ್ನು ನೋಡಿಕೊಂಡಿದ್ದಾಳೆ. ಹೇಳಲು ಬಾಯಿಲ್ಲ, ಅಷ್ಟೇ. ಇರಲಿ, ಮನೆತನದ ವಿಚಾರಣೆ ತಾನೇ ಮಾಡಿದರಾಯಿತು.

ಮಕ್ಕಳಿಬ್ಬರೂ ಬೇಕೆಂದೇ ಮುಂದೆ ಮುಂದೆ ನಡೆದರು. ಹಿರಿಯರಿಬ್ಬರೂ ಹಿಂದೆ ಉಳಿದರು. ಹಿಂದೊಮ್ಮೆ ಕುದುರೆಗಳು ಇದೇ ಹಾದಿಯಲ್ಲಿ ನಡೆದು, ಹಗ್ಗ ಕಟ್ಟಿದ ದೋಣಿಗಳನ್ನು ಎಳೆಯುತ್ತಿದ್ದವೆಂದು ಒಂದು ಫಲಕ ಹೇಳುತ್ತಿತ್ತು.

"ನಂದೂ ಕುದುರಿ ಕೆಲಸಾನ ಆಗಿತ್ರಿ," ಎಂದರು ವೆಂಕೋಬ. "ಮಾನ್ವಿ ಡಿಪೋದಾಗ ಕಂಡಕ್ಟರ್ ಇದ್ದೆ."

"ಹಂಗಾದ್ರ ನಿಮ್ಮದು ತುಂಗಭದ್ರಾ ಸೀಮಿ. ನಮ್ಮದು ಕೃಷ್ಣಾ."

"ಎರಡೂ ಮುಂದ ಕೂಡ್ತಾವಲ್ರಿ," ಎಂದು ವೆಂಕೋಬ ತಟ್ಟನೆ ನಾಲಗೆ ಕಚ್ಚಿಕೊಂಡರು.

ಬೀಗರು ಜಾಣರು ಎಂದುಕೊಂಡರು ಉಮಾದೇವಿ. ಸುತ್ತುಬಳಸಿನ ಮಾತು ತಮಗೆ ಬಾರದು. ನೇರವಾಗಿ ಕೇಳಿಯೇಬಿಟ್ಟರು.

"ಕುಡಿಯೋದು, ಇಸ್ಪೀಟು, ಅಂಥ ಚಟ ಏನರ?"

"ಏನೂ ಇಲ್ರಿ. ಚಹಾ ಒಂದು ಜಾಸ್ತಿ."

"ಸಿಟ್ಟು?"

"ಮೊದಲಿತ್ರಿ. ಈಗಿಲ್ಲ."

"ಅಡಿಗಿ ಬರ್ತದೇನು?"

"ಬ್ಯಾರೆ ದಾರಿ ಏನಿತ್ರಿ, ಆಗ ಮನ್ಯಾಗ ಹೆಣ್ಣುಮಕ್ಕಳೇ ಇದ್ದಿಲ್ಲ. ರೊಟ್ಟಿ ಬಡಿಯಾಕ ಕೂತರ ಇಪ್ಪತ್ತು ಬಡದಽ ಏಳೋದು."

ಒಳ್ಳೆಯ ಹುಡುಗ. ಆದರೆ ಅವನಪ್ಪ ಯಾಕೆ ಇಷ್ಟು ಬೆವರುತ್ತಿದ್ದಾರೆ, ಈ ಚಳಿಯಲ್ಲಿ?

ಅಷ್ಟರಲ್ಲಿ ಹಿಂದಿನಿಂದ ಸೈಕಲ್ಲುಗಳ ಒಂದು ದಂಡು ನುಗ್ಗಿತು. "ಬಾಜೂಕ ಸರೀರಿ! ಬಾಜೂಕ ಸರೀರಿ!" ವೆಂಕೋಬ ತುಂಬಿದ ಬಸ್ಸಿನಲ್ಲಿ ಕೂಗುವಂತೆ ಕೂಗಿದರು. ಕೈಹಿಡಿದು ನಡೆಯುತ್ತಿದ್ದ ಬಿಳಿಯ ಮುದುಕ ಮುದುಕಿ ಬೆಚ್ಚಿ ಬೇಲಿಗೆ ಅಂಟಿಕೊಂಡರು. ಉಮಾದೇವಿ ಬಿದ್ದು ಬಿದ್ದು ನಕ್ಕರು. ಹೀಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಆ ನಗು ಕೇಳಿ, ಮುಂದಿದ್ದ ಅನುರಾಧಾ ತಿರುಗಿ ನೋಡಿ ಹುಲಿಗೇಶನ ಭುಜ ತಟ್ಟಿದಳು.

ಸೇತುವೆಯ ಬಳಿ ನಾಲ್ವರೂ ಒಂದೆಡೆ ಸೇರಿದರು. ಇನ್ನು ಮಕ್ಕಳನ್ನು ಕಾಯಿಸುವುದು ಪಾಪ ಎನಿಸಿತು ಉಮಾದೇವಿಗೆ.

"ಅನು, ನನಗೆಲ್ಲಾ ತಿಳದದ. ಯಾಕ ಮುಚ್ಚಿಡ್ತಿ? ಈ ಸಂಬಂಧಕ್ಕ ನನ್ನ ಪೂರಾ ಒಪ್ಪಿಗಿ ಅದ."

ಅನುರಾಧಾ ಕಿರುಚಿ ತಾಯಿಯನ್ನು ಅಪ್ಪಿಕೊಂಡಳು. ಹುಲಿಗೇಶ ಬಾಗಿ ಉಮಾದೇವಿಯ ಕಾಲು ಮುಟ್ಟಿದ. ವೆಂಕೋಬ ನಾಚಿ ನೀರಾಗಿ, ಇಲ್ಲದ ಧೂಳನ್ನು ಅಂಗಿಯಿಂದ ಕೊಡವಿಕೊಂಡರು.

"ಏಳಪ್ಪಾ ಅಳಿಯಾ, ಸುಖವಾಗಿರು," ಎಂದು ಉಮಾದೇವಿ ಹುಲಿಗೇಶನ ತಲೆಯ ಮೇಲೆ ಕೈಯಿಟ್ಟರು.

ಮೂವರೂ ಮುಖ ಮುಖ ನೋಡಿಕೊಂಡರು.

"ಯವ್ವಾ," ಎಂದಳು ಅನುರಾಧಾ ನಗು ತಡೆಯಲಾರದೆ, "ಹುಲಿಗೇಶಗ ಮದುವಿ ಆಗ್ಯದ, ಹೆಂಡತಿ ಬಾಣಂತನಕ್ಕ ತವರಿಗೆ ಹೋಗ್ಯಾಳ, ನಾವು ನಿನಗ ತೋರಸಾಕ ಕರಕೊಂಡು ಬಂದಿದ್ದು ಅವರಪ್ಪನ್ನ!"