ನಾಲ್ಕನೆಯ ಹೋಳು

ಇಪ್ಪತ್ತು ನಿಮಿಷ ಕಳೆದರೂ ತಟ್ಟೆಯಲ್ಲಿದ್ದ ಸೇಬಿನ ಹೋಳುಗಳು ಬಣ್ಣ ಬದಲಿಸಲಿಲ್ಲ. ಮೂರೂ ಆಗತಾನೇ ಕೊಯ್ದ ಹಾಗೆ ಬೆಳ್ಳಗೆ ಕೂತಿದ್ದವು. "ಕೊಯ್ದ ಹಣ್ಣಿಗೆ ಗಾಳಿ ತಾಗಿದರೆ ಕಂದಾಗುತ್ತೆ, ನೋಡ್ತಾ ಇರಿ" ಎಂದು ವಿಜ್ಞಾನದ ಟೀಚರ್ ಮೂರು ಸಲ ಹೇಳಿಯಾಗಿತ್ತು. ಹಿಂದಿನ ಬೆಂಚಿನಲ್ಲಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಗಡಿಯಾರ ನೋಡಿಕೊಂಡರು. ಈ ಪಾಠ ಅವರಿಗೆ ಒಪ್ಪಿಗೆಯಾದರೆ ಟೀಚರ್ ಕೆಲಸ ಕಾಯಂ. ಇಲ್ಲವಾದರೆ ಈ ತಿಂಗಳಿಗೇ ಮುಗಿಯಿತು.

"ಮಿಸ್, ಇನ್ನೂ ಬೆಳ್ಳಗೇ ಇದೆಯಲ್ಲ?" ಎಂದಳು ಮುಂದಿನ ಬೆಂಚಿನ ತರಲೆ ಹುಡುಗಿ.

"ಇರು, ಆಗುತ್ತೆ."

"ಮೇಣದ ಹಣ್ಣಿರಬೇಕು ಮಿಸ್."

ತರಗತಿ ಗೊಳ್ಳೆಂದಿತು. ಟೀಚರ್ ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ನಂಬಿದ ಸೇಬೇ ಕೈಕೊಟ್ಟರೆ ಯಾರಿಗೆ ದೂರು ಹೇಳುವುದು?

ಬಾಗಿಲ ಬಳಿ ನಿಂತಿದ್ದ ಶಾಲೆಯ ಆಯಾ ತನ್ನ ಜೇಬನ್ನು ಮುಟ್ಟಿ ನೋಡಿಕೊಂಡಳು. ಪಾಠಕ್ಕೆ ಸ್ವಲ್ಪ ಮುಂಚೆ ಹಣ್ಣನ್ನು ನಾಲ್ಕು ಹೋಳು ಮಾಡಿದವಳು ಅವಳೇ. ಸಾಹೇಬರ ಮುಂದೆ ಇಡುವ ಹಣ್ಣು, ಅಂದಗೆಡಬಾರದು ಎಂದು ಮೂರನ್ನು ಉಪ್ಪುನೀರಿನಲ್ಲಿ ಅದ್ದಿ ಒರೆಸಿಟ್ಟಿದ್ದಳು. ಮೊಮ್ಮಗಳ ಡಬ್ಬಿಗೆ ಹಾಕುವಾಗಲೂ ಹಾಗೇ ಮಾಡುವುದಲ್ಲವೇ? ನಾಲ್ಕನೆಯದನ್ನು ನೋಡಿ ಬಾಯಲ್ಲಿ ನೀರೂರಿತ್ತು. ಒಂದು ಸಲ ಕಚ್ಚುವಷ್ಟರಲ್ಲಿ ಗಂಟೆ ಹೊಡೆದು, ಉಳಿದದ್ದು ಮೇಲಂಗಿಯ ಜೇಬು ಸೇರಿತ್ತು. ಟೀಚರ್ ಕೇಳಿದಾಗ "ಅದರಲ್ಲಿ ಹುಳ ಇತ್ತು, ಬಿಸಾಕಿದೆ" ಎಂದು ಸಲೀಸಾಗಿ ಹೇಳಿಬಿಟ್ಟಿದ್ದಳು. ಹೇಳದೆ ಇನ್ನೇನು ಮಾಡಿಯಾಳು? ಪಾಠದ ಸಾಮಾನಿಗೆ ಕೈ ಹಾಕಿದವರನ್ನು ಅವತ್ತೇ ಮನೆಗೆ ಕಳಿಸುತ್ತೇನೆಂದು ಹೆಡ್‌ಮಾಸ್ಟರು ಹೋದ ವಾರವಷ್ಟೇ ಗುಡುಗಿದ್ದರು.

ತನ್ನ ಹೊಟ್ಟೆಪಾಡು ಒಂದು ಕಡೆ, ಆ ಎಳೆ ಟೀಚರ್ ಬಾಡಿದ ಮುಖ ಒಂದು ಕಡೆ. ಆಯಾ ಸೀದಾ ಒಳಗೆ ನಡೆದಳು.

"ಟೀಚರಮ್ಮಾ, ಆ ಮೂರನ್ನೂ ನಾನು ಉಪ್ಪುನೀರಲ್ಲಿ ಅದ್ದಿಬಿಟ್ಟಿದ್ದೆ. ಅದ್ದದೇ ಇರೋದು ಇಲ್ಲಿದೆ" ಎಂದು ಜೇಬಿನಿಂದ ತೆಗೆದಿಟ್ಟಳು. ಕಚ್ಚಿದ ಹೋಳು, ಚೆನ್ನಾಗಿ ಕಂದಾಗಿತ್ತು. ಬದಿಗೆ ಒಂದೆರಡು ನೂಲಿನ ಎಳೆಯೂ ಅಂಟಿತ್ತು.

ಟೀಚರ್‌ಗೆ ಹೋದ ಜೀವ ಬಂದ ಹಾಗಾಯಿತು. "ನೋಡಿದ್ರಾ ಮಕ್ಕಳೇ? ಕೊಯ್ದ ಜಾಗಕ್ಕೆ ಗಾಳಿ ತಾಗಿ ಇದು ಕಂದಾಯ್ತು. ಕಬ್ಬಿಣಕ್ಕೆ ತುಕ್ಕು ಹಿಡಿಯೋದೂ ಹೀಗೇ, ಗಾಳಿ, ತೇವ ಸೋಕಿದ್ದಕ್ಕೆ. ಆ ಮೂರು ಹೋಳಿಗೆ ಮಾತ್ರ ಉಪ್ಪುನೀರು ಅಡ್ಡ ನಿಂತಿತು." ಮಕ್ಕಳು ಬೆಂಚು ಹತ್ತಿ ಇಣುಕಿದರು. ಯೋಚಿಸಿ ತಯಾರು ಮಾಡಿದ್ದ ಪಾಠ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಸಾಹೇಬರು ಎದ್ದು ಬಂದು ಹೋಳನ್ನು ಕೈಗೆತ್ತಿಕೊಂಡರು. "ಅದೆಲ್ಲ ಸರಿ. ಇದನ್ನ ಕಚ್ಚಿದ್ದು ಯಾರು?"

ಆಯಾ ತುಟಿ ಬಿಚ್ಚುವ ಮೊದಲೇ ಟೀಚರ್ ಹೇಳಿದರು. "ನಾನೇ ಸರ್. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ."

ಸಾಹೇಬರು ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ನಟ್ಟನಡುವೆ ಒಂದು ಹಲ್ಲಿನಗಲ ತಿರುಳು ಮಾತ್ರ ಹಾಗೇ ಎದ್ದು ನಿಂತಿತ್ತು. ಟೀಚರ್ ಕಡೆ ನೋಡಿದರು. ಅವರ ಹಲ್ಲುಗಳು ಒಂದೂ ಬಿಡದೆ ಸಾಲಾಗಿದ್ದವು. ಆಯಾಳ ಕಡೆ ನೋಡಿದರು. ಅವಳು ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು.

ಸಾಹೇಬರು ತಪಾಸಣೆ ಪುಸ್ತಕದಲ್ಲಿ 'ಪಾಠ ಬಹಳ ಚೆನ್ನಾಗಿತ್ತು' ಎಂದು ಬರೆದು ಸಹಿ ಹಾಕಿದರು. ಹೊರಡುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತು, ಆಯಾಳಿಗೆ ಮಾತ್ರ ಕೇಳುವಂತೆ ಹೇಳಿದರು:

"ಮುಂದಿನ ಸಲ ಹಣ್ಣು ಕಚ್ಚೋ ಮುಂಚೆ ಆ ಹಲ್ಲೊಂದು ಕಟ್ಟಿಸ್ಕೊಳ್ಳಿ, ಅಮ್ಮ."