ಫಕೀರಪ್ಪ ಊರಿಗೆ ಬರೆದ ಕಿವಿ

ಕೈಗುಣ, ಕಂಠ, ನೆನಪು, ಏನಿದ್ದರೂ ತಾವು ಸತ್ತ ಮೇಲೆ ಊರಿಗೆ ಸೇರಲಿ ಎಂದು ಜನ ಬರೆದುಕೊಡುವ ಕಾಲ ಬಂದ ಮೇಲೆ, ಅವನ್ನು ಪಡೆದು ಬೇಕಾದವರಿಗೆ ಹಚ್ಚಿಕೊಡುವ ರೋಣದ ಊರನಿಧಿ ಕಚೇರಿಯ ಮುಂದೆ ದಿನವೂ ಜನರ ಸಾಲು. ಅಂದು ಗ್ಯಾರೇಜಿನ ಮೇಸ್ತ್ರಿ ಫಕೀರಪ್ಪ ತನ್ನ ಕಿವಿ ಬರೆದುಕೊಡಲು ಬಂದಿದ್ದ. ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುವ ಕಿವಿ ಅದು. ಮುಂದೆ ಈ ಕಸುಬು ಕಲಿಯುವ ಬಡವರಿಗೆ ಸಿಗಲಿ ಎಂಬುದು ಅವನ ಆಸೆ.

ಜೊತೆಗೆ ಬಂದ ಮಗಳು ನೀಲವ್ವ ಮುಖ ಊದಿಸಿಕೊಂಡಿದ್ದಳು. ಅಪ್ಪನ ಗ್ಯಾರೇಜನ್ನು ಈಗ ನಡೆಸುವವಳು ಅವಳೇ.

“ಊರ ಮಂದಿಗೆಲ್ಲಾ ಕೊಡ್ತಿ, ನನಗ ಯಾಕ ಇಲ್ಲಪ್ಪಾ?”

“ಸುಮ್ಕ ನಿಂದರವ್ವಾ,” ಎಂದ ಫಕೀರಪ್ಪ.

ಬರೆಸಿಕೊಳ್ಳುವ ಮುಂಚೆ ಪರೀಕ್ಷಿಸುವುದು ನಿಧಿಯ ಪದ್ಧತಿ. ಅದಕ್ಕೆಂದೇ ರಿಪೇರಿ ಮಾಡಿಸದೆ ಇಟ್ಟಿದ್ದ ಟ್ರ್ಯಾಕ್ಟರನ್ನು ಗುಮಾಸ್ತೆ ಶಾಂತಕ್ಕ ಶುರುಮಾಡಿಸಿದಳು. ಫಕೀರಪ್ಪ ಕಣ್ಣು ಮುಚ್ಚಿದ.

“ವಾಟರ್ ಪಂಪಿನ ಬೇರಿಂಗ್ ಸವದೈತ್ರಿ.”

“ಬರೋಬ್ಬರಿ,” ಎಂದು ಶಾಂತಕ್ಕ ಗುರುತು ಹಾಕಿದಳು.

ನೀಲವ್ವನಿಗೆ ತಡೆಯಲಾಗಲಿಲ್ಲ. “ಅಷ್ಟ ಅಲ್ರೀ ಅಕ್ಕಾರ, ಡೀಸೆಲ್ ನಾಜಲ್ಲೂ ಸೋರಾಕತ್ತೈತಿ. ನಡುನಡುವೆ ಕೆಮ್ಮೋದು ಕೇಳ್ರಿ.”

ಬಿಚ್ಚಿ ನೋಡಿದರೆ ನಿಜವಾಗಿಯೂ ಸೋರುತ್ತಿತ್ತು. ಅದು ಕಚೇರಿಯವರಿಗೇ ಗೊತ್ತಿರಲಿಲ್ಲ.

“ಮೇಸ್ತ್ರಿ, ನಿಮಗ ಕೇಳಲಿಲ್ಲೇನ್ರಿ?” ಎಂದಳು ಶಾಂತಕ್ಕ.

“ಇಲ್ರಿ!” ಫಕೀರಪ್ಪನ ಎದೆ ಉಬ್ಬಿತ್ತು. ಇಡೀ ಸಾಲಿಗೆ ಕೇಳುವಂತೆ ಹೇಳಿದ, “ಈಕಿಗೆ ನನ್ನ ಕಿವಿ ಹಚ್ಚಿದ್ರ ಇದ್ದ ಕಿವಿನೂ ಕೆಡತೈತ್ರಿ.”

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಅಪ್ಪನ ಹೆಬ್ಬೆರಳಿಗೆ ತಾನೇ ಮಸಿ ಹಚ್ಚಿದಳು.